ಶಿಕ್ಷಕರ ಕೆಲಸಕ್ಕೆ ಮುಖ್ಯ ಶಿಕ್ಷಕರ ಒತ್ತಾಸೆ: ಹಂತ ಹಂತವಾಗಿ

ಶಾಲೆಯ ಎಲ್ಲ ತರಗತಿಗಳಿಗೂ ಮುಖ್ಯ ಶಿಕ್ಷಕರೇ ಪಾಠ ಮಾಡಲಾಗದು. ಆದರೆ ಯಾರಿಗೆ ಯಾವ ತರಗತಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು, ತಪ್ಪಾದಾಗ ತಿದ್ದುವುದು ಹೇಗೆ ಎಂಬುದನ್ನು ಬಹುಮಟ್ಟಿಗೆ ಅವರೇ ತೀರ್ಮಾನಿಸುತ್ತಾರೆ. ಶಿಕ್ಷಕರ ಪೂರ್ವತಯಾರಿ, ಸಮಯಪಾಲನೆ, ಹೊಸತನ್ನು ಮಾಡಿನೋಡುವ ಹುಮ್ಮಸ್ಸು ಈ ತೀರ್ಮಾನಗಳಿಂದ ಹೆಚ್ಚುತ್ತವೆ ಇಲ್ಲವೇ ಕುಗ್ಗುತ್ತವೆ. ನ್ಯೂಜಿಲೆಂಡ್‌ನ ಶಿಕ್ಷಣ ತಜ್ಞೆ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಶಾಲಾ ಮುಖ್ಯಸ್ಥರ ಐದು ಬಗೆಯ ಕಾರ್ಯಗಳನ್ನು ಹೋಲಿಸಿತು. ಶಿಕ್ಷಕರ ಕಲಿಕೆಗೆ ಉತ್ತೇಜನ ಕೊಟ್ಟು, ಅದರಲ್ಲಿ ತಾವೂ ಪಾಲ್ಗೊಳ್ಳುವುದೇ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುವ ಕಾರ್ಯವೆಂದು ಅದರಲ್ಲಿ ಕಂಡುಬಂತು. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕರಿಗೆ ಒತ್ತಾಸೆಯಾಗುವ ಈ ಹೊಣೆಯನ್ನು ವರ್ಷದುದ್ದಕ್ಕೂ ಹೀಗೆ ನಿಭಾಯಿಸಬಹುದು.

1. ಗುರಿ ಗೊತ್ತುಪಡಿಸುವುದು

ಹಿಂದಿನ ತರಗತಿಯ ಕಲಿಕೆಯನ್ನು ಅಳೆಯುವ, ವರ್ಷಾರಂಭದ ಸೇತುಬಂಧ ಪರೀಕ್ಷೆಯ ಫಲಿತಾಂಶ ಕಡತ ಸೇರುವ ಮುನ್ನ ಶಿಕ್ಷಕರ ಸಭೆಯಲ್ಲಿ ಚರ್ಚೆಗೆ ಬರಬೇಕು. ಒತ್ತಕ್ಷರ ಓದಲು ಎಷ್ಟು ಮಕ್ಕಳು ತಡವರಿಸುತ್ತಾರೆ, ದಶಕ ತೆಗೆದುಕೊಂಡು ಕಳೆಯಲು ಎಷ್ಟು ಮಂದಿಗೆ ಬರುವುದಿಲ್ಲ ಎಂಬುದನ್ನು ನೋಡಿ ಎರಡು ಮೂರು ಗುರಿ ಇಟ್ಟುಕೊಂಡರೆ ಸಾಕು. ‘ಫಲಿತಾಂಶ ಸುಧಾರಿಸಬೇಕು’ ಎಂದರೆ ನಾಳೆಯ ಪಾಠದಲ್ಲಿ ಏನು ಬದಲಿಸಬೇಕೆಂದು ಯಾರಿಗೂ ತಿಳಿಯದು. ‘ದಸರಾ ರಜೆಯೊಳಗೆ ನಾಲ್ಕನೇ ತರಗತಿಯ ಎಲ್ಲರೂ ಒತ್ತಕ್ಷರ ಓದಬೇಕು’ ಎಂದರೆ ತಿಳಿಯುತ್ತದೆ. ಗುರಿಯನ್ನು ಶಿಕ್ಷಕರೇ ಸೂಚಿಸಿದರೆ ಅದು ಮೇಲಿಂದ ಬಂದ ಆದೇಶವೆನಿಸುವುದಿಲ್ಲ.

2. ಕೆಲಸ ಹಂಚುವುದು

ಬಿಸಿಯೂಟದ ಲೆಕ್ಕ, ಹಾಲು ವಿತರಣೆ, ಆನ್‌ಲೈನ್ ದಾಖಲೆ, ಪ್ರತಿಭಾ ಕಾರಂಜಿ ಸ್ಪರ್ಧೆಗಳ ತಯಾರಿ ಎಲ್ಲವೂ ಮರುಮಾತಿಲ್ಲದೆ ದುಡಿಯುವವರ ಹೆಗಲಿಗೇ ಬೀಳುವುದುಂಟು. ಇದರಿಂದ ಒಳ್ಳೆಯ ಶಿಕ್ಷಕರೇ ಮೊದಲು ಬಳಲುತ್ತಾರೆ. ಇಂಥ ಕೆಲಸಗಳನ್ನು ಪಟ್ಟಿ ಮಾಡಿ, ಸಭೆಯಲ್ಲೇ ಹಂಚಿ, ಅವಧಿಗೊಮ್ಮೆ ಸರದಿ ಬದಲಿಸಬೇಕು. ನಲಿ-ಕಲಿ ಪದ್ಧತಿಯಲ್ಲಿ ಕಲಿಸುವ ಶಿಕ್ಷಕರು ಬೇರೆ ಬೇರೆ ಹಂತದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗಮನಿಸಬೇಕಿರುವುದರಿಂದ ಅವರಿಗೆ ಲೆಕ್ಕಪತ್ರದ ಹೊರೆ ಕಡಿಮೆ ಇರಲಿ.

3. ಬೋಧನೆಯ ಹೊತ್ತನ್ನು ಕಾಯುವುದು

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ, 6ರಿಂದ 8ನೇ ತರಗತಿಗೆ 220 ದಿನ ಮತ್ತು 1,000 ಗಂಟೆ ಇರಬೇಕು. ಶಿಕ್ಷಕರಿಗೆ ನಿಗದಿಯಾದ ವಾರದ 45 ಗಂಟೆಗಳಲ್ಲಿ ಪಾಠದ ತಯಾರಿಯೂ ಸೇರಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಉಳಿದ ಶಿಕ್ಷಣೇತರ ಕೆಲಸಗಳಿಗೆ ಅವರನ್ನು ನಿಯೋಜಿಸುವುದನ್ನು 27ನೇ ಸೆಕ್ಷನ್ ನಿಷೇಧಿಸುತ್ತದೆ. ಪಾಠದ ನಡುವೆ ಶಿಕ್ಷಕರನ್ನು ಕಚೇರಿಗೆ ಕರೆಸದಿರುವುದು, ಮೇಲಿನವರು ಕೇಳುವ ಮಾಹಿತಿಯನ್ನು ಆದಷ್ಟೂ ಸಂಜೆ ಸಿದ್ಧಪಡಿಸುವುದು, ರಜೆ ಅಥವಾ ತರಬೇತಿಗೆ ಹೋದವರ ತರಗತಿಗೆ ಹಿಂದಿನ ದಿನವೇ ಬದಲಿ ವ್ಯವಸ್ಥೆ ಮಾಡುವುದು ಮುಖ್ಯ ಶಿಕ್ಷಕರ ಕೈಯಲ್ಲೇ ಇದೆ.

4. ತರಗತಿ ವೀಕ್ಷಣೆ

ಹಲವೆಡೆ ವೀಕ್ಷಣೆ ಎಂದರೆ ಪಾಠ ಟಿಪ್ಪಣಿಗೆ ಸಹಿ ಹಾಕುವುದಷ್ಟೇ ಆಗಿದೆ. ನಿಜವಾದ ವೀಕ್ಷಣೆಗೆ ಮೂರು ಭಾಗಗಳಿವೆ.

ಮೊದಲು: ಯಾವ ಪಾಠ ನೋಡುವುದು, ಏನನ್ನು ಗಮನಿಸುವುದು ಎಂದು ಶಿಕ್ಷಕರೊಂದಿಗೆ ಮಾತಾಡಿಕೊಳ್ಳಬೇಕು.

ಪಾಠದ ವೇಳೆ: ಹಿಂದಿನ ಸಾಲಿನಲ್ಲಿ ಕುಳಿತು ಕಂಡದ್ದನ್ನಷ್ಟೇ ಬರೆಯಬೇಕು. ಯಾವ ಮಕ್ಕಳು ಉತ್ತರಿಸಿದರು, ಯಾರು ಬಾಯಿ ಬಿಡಲೇ ಇಲ್ಲ, ಪ್ರಶ್ನೆ ಕೇಳಿದ ಮೇಲೆ ಯೋಚಿಸಲು ಎಷ್ಟು ಹೊತ್ತು ಸಿಕ್ಕಿತು ಎಂಬುದು ಮುಖ್ಯ. ಮಕ್ಕಳ ಎದುರಿನಲ್ಲಿ ತಿದ್ದಬಾರದು.

ನಂತರ: ಅದೇ ದಿನ ಅಥವಾ ಮರುದಿನ ಒಂದು ಒಳ್ಳೆಯ ಅಂಶವನ್ನೂ ಬದಲಿಸಬಹುದಾದ ಒಂದು ಅಂಶವನ್ನೂ ಹೇಳಿ, ಕೆಲವು ವಾರಗಳ ಬಳಿಕ ಮತ್ತೆ ನೋಡಬೇಕು. ಹತ್ತು ಸಲಹೆಗಳನ್ನು ಒಮ್ಮೆಗೇ ಕೊಟ್ಟರೆ ಒಂದೂ ಜಾರಿಗೆ ಬರುವುದಿಲ್ಲ.

ಚಿಕ್ಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರಿಗೂ ತರಗತಿಗಳಿರುತ್ತವೆ. ಅಲ್ಲಿ ವಾರಕ್ಕೊಂದು ಪಿರಿಯಡ್ ಇದಕ್ಕೆಂದೇ ವೇಳಾಪಟ್ಟಿಯಲ್ಲಿ ಮೀಸಲಿಡುವುದು ಒಳಿತು.

5. ಜೊತೆಗೂಡಿ ಕಲಿಯುವುದು

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರೂ ಶಾಲಾ ಮುಖ್ಯಸ್ಥರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆಂದು ಬಯಸುತ್ತದೆ. ತರಬೇತಿಯಿಂದ ಮರಳಿದವರು ಕಲಿತದ್ದನ್ನು ಸಹೋದ್ಯೋಗಿಗಳ ಎದುರು ಮಾಡಿ ತೋರಿಸಲಿ. ಭಿನ್ನರಾಶಿಯಂಥ ಕಷ್ಟದ ಘಟಕಕ್ಕೆ ಎಲ್ಲರೂ ಸೇರಿ ಪಾಠ ಯೋಜನೆ ಮಾಡಲಿ. ಮುಖ್ಯ ಶಿಕ್ಷಕರೂ ಪಾಠ ಮಾಡಿ ತೋರಿಸಿ, ಇತರರ ಟೀಕೆ ಕೇಳಿಸಿಕೊಂಡರೆ ವೀಕ್ಷಣೆಯ ಅಂಜಿಕೆ ಉಳಿದವರಿಗೂ ಕಡಿಮೆಯಾಗುತ್ತದೆ.

6. ಮೆಚ್ಚುವುದು, ತಿದ್ದುವುದು

ಮೆಚ್ಚುಗೆ ಎಲ್ಲರೆದುರು, ತಿದ್ದುವ ಮಾತು ಕೋಣೆಯೊಳಗೆ. ‘ಚೆನ್ನಾಗಿ ಮಾಡಿದಿರಿ’ ಎನ್ನುವುದಕ್ಕಿಂತ ಏನು ಚೆನ್ನಾಗಿತ್ತು ಎಂದು ಹೇಳುವುದು ಉಪಯುಕ್ತ. ಯಾರಾದರೂ ಪದೇ ಪದೇ ತಡವಾಗಿ ಬಂದರೆ ಮೊದಲು ಕಾರಣ ಕೇಳಿ, ಸರಿಹೋಗದಿದ್ದರೆ ಲಿಖಿತವಾಗಿ ತಿಳಿಸಬೇಕು. ಆಪ್ತರಿಗೊಂದು, ಉಳಿದವರಿಗೊಂದು ನಿಯಮವಿದ್ದರೆ ಶಿಕ್ಷಕರಲ್ಲಿ ಬಣಗಳು ಹುಟ್ಟುತ್ತವೆ. ಪ್ರಾರ್ಥನೆಯ ಹೊತ್ತಿಗೆ ಮುಖ್ಯ ಶಿಕ್ಷಕರೇ ಹಾಜರಿಲ್ಲದಿದ್ದರೆ ಸಮಯಪಾಲನೆಯ ಸೂಚನೆಗೆ ಬೆಲೆ ಇರುವುದಿಲ್ಲ.

7. ಪರಿಶೀಲಿಸುವುದು

ಅವಧಿಯ ಕೊನೆಯಲ್ಲಿ ಆರಂಭದ ಗುರಿಗಳನ್ನು ಮತ್ತೆ ತೆಗೆದು ನೋಡಬೇಕು. ಅಂಕಗಳ ಜೊತೆಗೆ ಮಕ್ಕಳ ಹಾಜರಾತಿ, ನೋಟ್‌ಬುಕ್ ತಿದ್ದಿರುವ ರೀತಿ, ನಷ್ಟವಾದ ಪಿರಿಯಡ್‌ಗಳು, ಹಿಂದುಳಿದ ಮಕ್ಕಳ ಪ್ರಗತಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹಿಂದಿನ ತರಗತಿಯಲ್ಲೇ ಉಳಿದ ಕೊರತೆಗೆ ಈಗಿನ ಶಿಕ್ಷಕರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ತಮಗೆ ಯಾವ ನೆರವು ಸಿಗಲಿಲ್ಲ ಎಂದು ಶಿಕ್ಷಕರು ಹೇಳಲೂ ಇದೇ ಸಭೆಯಲ್ಲಿ ಅವಕಾಶವಿರಬೇಕು. ಶಾಲೆಯಲ್ಲೇ ಬಗೆಹರಿಯುವ ವಿಷಯಗಳನ್ನು ಮುಂದಿನ ಅವಧಿಯ ಯೋಜನೆಗೆ ಸೇರಿಸಿ, ಕೊಠಡಿ ಮತ್ತು ಕಲಿಕಾ ಸಾಮಗ್ರಿಯ ಕೊರತೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿಡಬೇಕು. ಶಿಕ್ಷಕರ ಕೊರತೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು.