ಬಾವಲಿಗಳ ಆಹಾರಕ್ರಮವೂ ಬೇಸಾಯಕ್ಕೆ ಅವುಗಳಿಂದಾಗುವ ಉಪಕಾರವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರಲ್ಲಿ ಬಾವಲಿಯನ್ನು ಅಶುಭವೆಂದೆಣಿಸುವವರು ಉಂಟು. ತೋಟವುಳ್ಳವರಿಗಂತೂ ಅದು ಹಣ್ಣುಗಳ್ಳ. ಹಾಳುಬಾವಿಗೆ ಹೊಗೆಹಾಕಿ, ಗುಡಿಯ ಸಂದುಗಳನ್ನು ಮುಚ್ಚಿ, ಹಳೆಯ ಆಲದ ಮರವನ್ನು ಕಡಿದು ಅವುಗಳನ್ನು ಓಡಿಸಲು ಯತ್ನಿಸುವುದೂ ಉಂಟು. ಹಾಗೆ ಮಾಡುವ ಮೊದಲು, ಈ ಪ್ರಾಣಿಯು ರಾತ್ರಿಯಲ್ಲಿ ತಿನ್ನುವುದೇನೆಂಬುದನ್ನು ಹಿಡುವಳಿದಾರರೂ ಗ್ರಾಮದ ಮುಖಂಡರೂ ವಿಚಾರಿಸತಕ್ಕದ್ದು.

ಬಾವಲಿಯು ಪಕ್ಷಿಯಲ್ಲ, ಮರಿಗಳಿಗೆ ಹಾಲೂಡುವ ಪ್ರಾಣಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮರಗಳಲ್ಲಿ ಗುಂಪುಗುಂಪಾಗಿ ಜೋತುಬೀಳುವ, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಯಷ್ಟು ಅಗಲವಾಗುವ ತೊಗಲಬಾವಲಿಯೂ, ಅದರ ಚಿಕ್ಕ ಬಂಧುಗಳೂ ಹಣ್ಣು ಮತ್ತು ಹೂವಿನ ರಸವನ್ನು ಸೇವಿಸುವುವು. ಬಂಡೆಯ ಬಿರುಕು, ಗುಡಿ, ಬಾವಿ, ಹಾಳುಮನೆಗಳಲ್ಲಿರುವ ಕಣ್ಕಪ್ಪಡಿಗಳು ಹುಳುಹುಪ್ಪಟೆಗಳನ್ನು ತಿನ್ನುವುವು. ಇವುಗಳಲ್ಲಿ ಒಂದು ಜಾತಿ ಇಲಿ, ಕಪ್ಪೆ, ಹಲ್ಲಿಗಳನ್ನೂ ಹಿಡಿಯುತ್ತದೆ. ರಕ್ತ ಹೀರುವ ಬಾವಲಿಗಳು ಅಮೆರಿಕಾ ಖಂಡದವು. ಭರತಖಂಡದಲ್ಲಿ ಅವು ಇಲ್ಲವೇ ಇಲ್ಲ.

ಬೇಸಾಯಗಾರನಿಗೆ ಹೆಚ್ಚು ಲಾಭವಿರುವುದು ಕಣ್ಕಪ್ಪಡಿಯಿಂದ. ಅದು ಕಿವಿಗೆ ಕೇಳಿಸದ ಸೂಕ್ಷ್ಮ ಧ್ವನಿಯನ್ನು ಹೊರಡಿಸಿ, ಅದರ ಮರುದನಿಯಿಂದ ಕತ್ತಲಲ್ಲಿ ಹುಳುವಿರುವ ಸ್ಥಳವನ್ನು ಅರಿಯುತ್ತದೆ. ಒಂದು ರಾತ್ರಿಯಲ್ಲಿ ತನ್ನ ತೂಕದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ಹುಳು ತಿನ್ನಬಲ್ಲುದು. ಮರಿಗೆ ಹಾಲೂಡುವ ತಾಯಿಯು ಇನ್ನೂ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿ ಸೀಮೆಯಲ್ಲಿ ಜಿಗಿಹುಳುವೂ ಕಾಂಡಕೊರಕವೂ ಎಷ್ಟು ಹಾನಿಕರವೆಂಬುದು ಸರ್ವವಿದಿತ. ಥಾಯ್‌ಲೆಂಡಿನಲ್ಲಿ ಒಂದು ಜಾತಿಯ ಬಾವಲಿಯು ಜಿಗಿಹುಳುಗಳನ್ನು ತಿಂದು ವರ್ಷಕ್ಕೆ ಸುಮಾರು ೨,೯೦೦ ಟನ್ ಅಕ್ಕಿಯನ್ನು ಉಳಿಸುತ್ತದೆಂದು ೨೦೧೪ರಲ್ಲಿ ಪ್ರಕಟವಾದ ಲೆಕ್ಕವೊಂದು ತಿಳಿಸುತ್ತದೆ. ಸ್ಪೇನ್ ದೇಶದ ಎಬ್ರೊ ನದೀಮುಖದ ಗದ್ದೆಗಳಲ್ಲಿ ಮರದ ಪೆಟ್ಟಿಗೆಗಳನ್ನು ತೂಗುಹಾಕಿ ಬಾವಲಿಗಳನ್ನು ನೆಲೆಗೊಳಿಸಿದ ಮೇಲೆ ಕಾಂಡಕೊರಕದ ಕಾಟವು ತಗ್ಗಿತು.

ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದಲ್ಲಿಯೂ ಈ ಮಾತು ಸಲ್ಲುತ್ತದೆ. ತೊಗರಿ, ಕಡಲೆಗಳ ಕಾಯಿಕೊರಕದ ಪತಂಗವು ಹಾರುವುದು ರಾತ್ರಿಯಲ್ಲಿ; ಒಂದೊಂದು ಹೆಣ್ಣು ನೂರಾರು ಮೊಟ್ಟೆಯಿಡುತ್ತದೆ. ಮೊಟ್ಟೆಯಿಡುವ ಮೊದಲೇ ಅದು ಬಾವಲಿಗೆ ತುತ್ತಾದರೆ ಅಷ್ಟೂ ಹುಳು ಇಲ್ಲವಾಯಿತು. ಆದರೆ ಕಾಯಿಯೊಳಗೆ ಸೇರಿದ ಹುಳುವನ್ನು ಬಾವಲಿಯು ಮುಟ್ಟಲಾರದು. ಆದುದರಿಂದ ಹೊಲವನ್ನು ನೋಡಿಕೊಳ್ಳುವ ಕೆಲಸವು ರೈತನಿಗೆ ತಪ್ಪುವುದಿಲ್ಲ.

ಹಣ್ಣುಬಾವಲಿಯ ವಿಚಾರದಲ್ಲಿ ನಷ್ಟವಿಲ್ಲವೆಂದು ಹೇಳುವುದು ಸುಳ್ಳಾದೀತು. ಪೇರಲ, ಸಪೋಟ, ಮಾವುಗಳಲ್ಲಿ ಮರದ ಮೇಲೆ ಹಣ್ಣಾದುದನ್ನು ಅದು ಬಿಡುವುದಿಲ್ಲ. ಬಲಿತ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸುವುದು, ಹಣ್ಣಿಗೆ ಚೀಲ ಕಟ್ಟುವುದು, ಬಲೆಯನ್ನು ಸಡಿಲಬಿಡದೆ ಬಿಗಿಯಾಗಿ ಎಳೆದು ಹಾಕುವುದು, ಇವು ತಕ್ಕ ಉಪಾಯಗಳು. ಸಡಿಲವಾದ ಬಲೆಯಲ್ಲಿ ಬಾವಲಿಯಲ್ಲದೆ ಹಕ್ಕಿಗಳೂ ಸಿಕ್ಕಿ ಸಾಯುವುವು. ಇತ್ತ ಲಾಭದ ಕಡೆ ನೋಡಿದರೆ, ಬೇವಿನ ಹಣ್ಣನ್ನು ಕೊಂಡೊಯ್ದು ದೂರದಲ್ಲಿ ಬೀಜ ಕೆಡಹುವುದೂ, ಆಲ, ಅತ್ತಿಗಳ ಬೀಜವನ್ನು ಹಿಕ್ಕೆಯ ಮೂಲಕ ಹರಡುವುದೂ, ಬೂರುಗ, ಹಿಪ್ಪೆಗಳ ಹೂವಿಗೆ ಪರಾಗವನ್ನೊಯ್ಯುವುದೂ ಇದೇ ಪ್ರಾಣಿ. ಮಳೆ ಕಡಮೆಯಾದ ಈ ನಾಡಿನಲ್ಲಿ ಯಾರೂ ನೆಡದೆ ಬದುವಿನಲ್ಲಿ ಎದ್ದ ಬೇವಿನ ಗಿಡಕ್ಕೆ ಬೆಲೆ ಕಟ್ಟುವುದು ಹೇಗೆ?

ಬಾವಲಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಇರುವುದರಿಂದ ಅದು ಒಳ್ಳೆಯ ಗೊಬ್ಬರ. ಆದರೆ ಗುಹೆಗೆ ನುಗ್ಗಿ ಅದನ್ನು ಕೆದಕಬಾರದು. ಅದರ ಧೂಳು ಶ್ವಾಸಕೋಶಕ್ಕೆ ರೋಗ ತರಬಹುದು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಕೂಡದು, ದನಕ್ಕೂ ಹಾಕಕೂಡದು, ಹೂಳತಕ್ಕದ್ದು. ಕೇರಳದ ಕೋಳಿಕ್ಕೋಡು ಸೀಮೆಯಲ್ಲಿ ೨೦೧೮ರಲ್ಲಿ ಕಾಣಿಸಿದ ನಿಪಾ ಜ್ವರದ ವಿಷಾಣುವಿಗೆ ಹಣ್ಣುಬಾವಲಿಯೇ ಆಶ್ರಯ. ಬಿದ್ದ ಬಾವಲಿಯನ್ನು ಬರಿಗೈಯಿಂದ ಎತ್ತಬಾರದು. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಬಾವಲಿಗಳನ್ನು ಕೊಂದು ಈ ಭಯವನ್ನು ನೀಗುವುದು ಸಾಧ್ಯವಿಲ್ಲ. ನೆಲೆ ಕೆಟ್ಟ ಹಿಂಡು ಚದರಿ ಊರ ಸಮೀಪಕ್ಕೇ ಬರಬಹುದು.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣುಬಾವಲಿಗಳನ್ನು ಉಪದ್ರವ ಪ್ರಾಣಿಗಳೆಂದು ಎಣಿಸಲಾಗಿತ್ತು. ೨೦೨೨ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ದೊಡ್ಡ ತೊಗಲಬಾವಲಿಯು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ, ಒಮ್ಮೆ ಅಳಿದ ಹಿಂಡು ಬೇಗನೆ ಬೆಳೆಯದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಉಳಿದಿರುವ ಎಲೆಮೂಗಿನ ಬಾವಲಿಯ ಜಾತಿಗೆ ಸುತ್ತಣ ಕಲ್ಲುಗಣಿಯೇ ಮುಖ್ಯ ಕಂಟಕವಾಯಿತು. ಕೊಪ್ಪಳ, ಕುಷ್ಟಗಿಗಳಲ್ಲಿಯೂ ಬಂಡೆ ಒಡೆಯುವ ಕೆಲಸವುಂಟು. ಗುತ್ತಿಗೆಯ ಅರ್ಜಿಯು ಗ್ರಾಮದ ಮುಂದೆ ಬಂದಾಗ ಆ ಗುಡ್ಡದಲ್ಲಿ ಬಾವಲಿಯ ನೆಲೆಯಿದೆಯೇ ಎಂದು ಮುಖಂಡರು ಸಂಜೆ ಹೊತ್ತು ನಿಂತು ನೋಡುವುದು ಕಷ್ಟವಲ್ಲ. ಗುಡಿಯ ಜೀರ್ಣೋದ್ಧಾರ ಅವಶ್ಯವಾದಲ್ಲಿ, ಮರಿಗಳು ಹಾರಲು ಕಲಿಯುವವರೆಗೆ ಕಾಯತಕ್ಕದ್ದು. ಆಮೇಲೆ ಕತ್ತಲಾಗಿ ಬಾವಲಿಗಳೆಲ್ಲ ಮೇವಿಗೆ ಹೊರಟ ಮೇಲೆಯೇ ಸಂದು ಮುಚ್ಚತಕ್ಕದ್ದು. ಹತ್ತಿರದ ಹಾಳುಬಾವಿಯನ್ನೋ ಹಳೆಯ ಮರವನ್ನೋ ಅವುಗಳಿಗೆ ಬಿಟ್ಟುಕೊಡತಕ್ಕದ್ದು.