ಮರಕುಟಿಗ ಕಾಂಡದ ಹಿಂದೆ ಸರಿದರೆ?

ಹಕ್ಕಿ ಛಾಯಾಗ್ರಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದಾಂಡೇಲಿಯಲ್ಲಿ ಎರಡು ದಿನ ಇದ್ದೆ. ಬಿಳಿ ಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗ ಮೂರು ಸಲ ಕಂಡಿತು. ಕ್ಯಾಮೆರಾ ಎತ್ತಿದೊಡನೆ ಕಾಂಡದ ಆಚೆ ಬದಿಗೆ ಸರಿಯಿತು. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಎದುರಿಗೇ ಬರುತ್ತದೆ ಎಂದು ಜೊತೆಗಿದ್ದವರು ಹೇಳಿದರು, ಮನಸ್ಸು ಒಪ್ಪಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯೇ? (ಓದುಗರು, ಧಾರವಾಡ)

ಉತ್ತರ: ಕ್ಯಾಮೆರಾ ಎತ್ತಿದಾಗಲೆಲ್ಲ ಹಕ್ಕಿ ಮರೆಯಾಗುತ್ತದೆ ಎಂಬುದು ನಿಮ್ಮ ಬೇಸರ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ, ಸಮಾಧಾನವಾಗಿರಿ. ಅನುಮಾನ ಬಂದರೆ ಕಾಂಡವನ್ನು ನಡುವೆ ಇಟ್ಟುಕೊಳ್ಳುವುದು ಮರಕುಟಿಗಗಳ ರೂಢಿ. ಎರಡು ಬೆರಳು ಮುಂದೆ, ಎರಡು ಹಿಂದೆ ಇರುವ ಕಾಲು ಮತ್ತು ಊರುಗೋಲಿನಂತೆ ಕಾಂಡಕ್ಕೆ ಒತ್ತಿಕೊಳ್ಳುವ ಗಡುಸು ಬಾಲ ಅದಕ್ಕಾಗಿಯೇ ಒದಗುತ್ತವೆ.

ಹಕ್ಕಿ ಆಚೆ ಸರಿದಾಗ ನೀವು ಮರ ಸುತ್ತಬೇಡಿ. ಸುತ್ತಿದಷ್ಟೂ ಅದೂ ಸುತ್ತುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು, ಕುಳಿತು, ಕ್ಯಾಮೆರಾವನ್ನು ಮೊದಲೇ ಕಣ್ಣಿನ ಮಟ್ಟಕ್ಕೆ ಹಿಡಿದಿರಿ. ಹುಳು ಹುಡುಕುವಾಗ ಅದು ಸಾಮಾನ್ಯವಾಗಿ ಮೇಲ್ಮುಖವಾಗಿ ಹತ್ತುತ್ತದೆ. ಹಾಗಾಗಿ ಮರೆಯಾದ ಜಾಗಕ್ಕಿಂತ ತುಸು ಮೇಲೆ ಕಣ್ಣಿಡಿ. ಮೊದಲು ಕೊಕ್ಕು, ಆಮೇಲೆ ಕೆಂಪು ಜುಟ್ಟು ಇಣುಕುತ್ತದೆ.

ಕೂಗು ಹಾಕಲು ಒಪ್ಪದ ನಿಮ್ಮ ಮನಸ್ಸು ಸರಿಯಾಗಿಯೇ ಹೇಳಿದೆ. ಆ ಸದ್ದು ಹಕ್ಕಿಗೆ ತನ್ನ ಜಾಗಕ್ಕೆ ನುಗ್ಗಿದ ಎದುರಾಳಿಯ ಸದ್ದು. ಮೇವು ಬಿಟ್ಟು, ಕೆಲವೊಮ್ಮೆ ಗೂಡನ್ನೂ ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತಾ ಅದು ದಣಿಯುತ್ತದೆ.

ಪ್ರಶ್ನೆ: ನನ್ನ ಬಳಿ 70-300 ಲೆನ್ಸ್ ಇದೆ. ಮರ ಕುಟ್ಟುವ ಹಕ್ಕಿಯ ಮೈ ಸ್ಪಷ್ಟವಾಗಿ ಬಂದರೂ ತಲೆ ಕಲಸಿಹೋಗುತ್ತದೆ, ಕಣ್ಣು ಮಂಜಾಗಿ ಕಾಣುತ್ತದೆ. ಸಾಲ ಮಾಡಿಯಾದರೂ ದೊಡ್ಡ ಲೆನ್ಸ್ ಕೊಳ್ಳಬೇಕೇ? (ವಿದ್ಯಾರ್ಥಿ, ಮೈಸೂರು)

ಉತ್ತರ: ಲೆನ್ಸ್ ಚಿಕ್ಕದಾದ್ದರಿಂದ ಚಿತ್ರ ಕೆಡುತ್ತಿದೆ ಎಂಬುದು ನಿಮ್ಮ ಆತಂಕ. ಸಾಲ ಬೇಡ. ಮೈ ಸ್ಪಷ್ಟವಾಗಿ ಬಂದಿದೆ ಎಂದರೆ ಲೆನ್ಸ್ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಮರಕುಟಿಗ ಸೆಕೆಂಡಿಗೆ 20 ಸಲದವರೆಗೂ ಕೊಕ್ಕು ಬಡಿಯಬಲ್ಲದು, ಅದನ್ನು ಹಿಡಿಯುವುದು ಯಾರಿಗೂ ಸುಲಭವಲ್ಲ.

ಶಟರ್ ವೇಗವನ್ನು (ಸೆನ್ಸರ್ ಮೇಲೆ ಬೆಳಕು ಬೀಳುವ ಅವಧಿ) 1/1000 ಸೆಕೆಂಡಿಗೆ ಏರಿಸಿ. ಕಾಡಿನ ನೆರಳಿನಲ್ಲಿ ಇದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಅಥವಾ 3200 ಬೇಕಾಗಬಹುದು. ಚಿತ್ರದಲ್ಲಿ ಸ್ವಲ್ಪ ಮರಳುಮರಳಾದ ಕಣ ಕಂಡರೂ ಪರವಾಗಿಲ್ಲ. ಕಲಸಿಹೋದ ತಲೆಗಿಂತ ಅದು ಮೇಲು.

ಇನ್ನು ಆ ಮಂಜುಗಣ್ಣು. ಕೊಕ್ಕು ಮರಕ್ಕೆ ತಾಗುವ ಮುನ್ನ ಹಕ್ಕಿ ಕಣ್ಣು ಮುಚ್ಚಿಕೊಳ್ಳುತ್ತದೆ, ಹಕ್ಕಿಗಳಿಗಿರುವ ತೆಳುವಾದ ಒಳರೆಪ್ಪೆ ಕಣ್ಣನ್ನು ಕಾಯುತ್ತದೆ. ನಿಮ್ಮ ಚಿತ್ರದಲ್ಲಿ ಬಂದಿರುವುದು ಬಹುಶಃ ಅದೇ. ನಾಲ್ಕಾರು ಏಟು ಹಾಕಿದ ಮೇಲೆ ಅದು ತಲೆ ಹಿಂದಕ್ಕೆಳೆದು, ಓರೆಯಾಗಿಸಿ, ಕ್ಷಣ ಹೊತ್ತು ಸುತ್ತ ನೋಡುತ್ತದೆ. ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಹೊಳೆಯುವುದು ಆಗಲೇ. ಏಟುಗಳನ್ನು ಕಿವಿಯಿಂದ ಎಣಿಸಿ, ಸದ್ದು ನಿಂತಾಗ ಗುಂಡಿ ಒತ್ತಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಒಣಗಿದ ಹಾಲುವಾಣದಲ್ಲಿ ಹೊಂಬೆನ್ನಿನ ಮರಕುಟಿಗ ಗೂಡು ಮಾಡಿತ್ತು. ಒಳಗೆ ಮರಿಗಳ ಸದ್ದು ಜೋರಾಗಿ ಕೇಳುತ್ತಿತ್ತು. ಮರದ ಬುಡದಲ್ಲೇ ಅರ್ಧ ಗಂಟೆ ನಿಂತು ಫೋಟೊ ತೆಗೆದೆ. ಮೂರು ದಿನದಿಂದ ಹಕ್ಕಿ ಕಾಣುತ್ತಿಲ್ಲ. ನನ್ನಿಂದ ಮರಿಗಳು ಸತ್ತವೇ? ನಿದ್ದೆ ಬರುತ್ತಿಲ್ಲ. (ಓದುಗರು, ಮೂಡಿಗೆರೆ)

ಉತ್ತರ: ನಿಮ್ಮಿಂದಲೇ ಮರಿಗಳಿಗೆ ಕೇಡಾಯಿತೇ ಎಂಬ ಭಯ ನಿಮ್ಮನ್ನು ಕಾಡುತ್ತಿದೆ. ಹಕ್ಕಿಯ ಮೇಲೆ ಅಕ್ಕರೆ ಇರುವವರಿಗೇ ಈ ಭಯ ಬರುವುದು. ಸ್ವಲ್ಪ ಧೈರ್ಯ ತಂದುಕೊಳ್ಳಿ. ಈ ಮರಕುಟಿಗದ ಮರಿಗಳು ಮೊಟ್ಟೆಯೊಡೆದು ಸುಮಾರು 20 ದಿನಕ್ಕೆ ಗೂಡು ಬಿಡುತ್ತವೆ. ಜೋರಾಗಿ ಕೂಗುತ್ತಿದ್ದವು ಎಂದರೆ ಬೆಳೆದ ಮರಿಗಳಿರಬೇಕು. ಹಾರಿಹೋಗಿರುವ ಸಾಧ್ಯತೆ ಚೆನ್ನಾಗಿದೆ.

ನಾಳೆ ಬೆಳಿಗ್ಗೆ ಮೂವತ್ತು ಮೀಟರ್ ದೂರದಲ್ಲಿ, ಕಾಫಿ ಗಿಡದ ಮರೆಯಲ್ಲಿ, ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ತಾಯಿತಂದೆ ಬಂದರೆ ನೆಮ್ಮದಿಯಿಂದ ಎದ್ದು ಬನ್ನಿ. ಮರ ಬಡಿಯುವುದು, ಪೊಟರೆಗೆ ಟಾರ್ಚ್ ಬಿಡುವುದು ಮಾತ್ರ ಬೇಡ. ಮರಿಗಳ ಸದ್ದು ಇದ್ದೂ ದಿನವಿಡೀ ದೊಡ್ಡ ಹಕ್ಕಿ ಸುಳಿಯದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಮುಂದೆ ಒಂದು ಗುರುತು ನೆನಪಿಡಿ. ಹಕ್ಕಿ ಗೂಡಿಗೆ ಬಾರದೆ ಪಕ್ಕದ ಮರದಲ್ಲೇ ಕೂಗುತ್ತಿದ್ದರೆ, ನೀವು ತೀರಾ ಹತ್ತಿರ ಇದ್ದೀರಿ. ಕೂಡಲೇ ಹಿಂದೆ ಸರಿಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ಸಾಲಿಗೇ ಸೇರಿಸಿದೆ.

ನಿಮ್ಮ ಕೈಯಲ್ಲೇ ಇರುವ ಇನ್ನೊಂದು ಒಳ್ಳೆಯ ಕೆಲಸವಿದೆ. ಆಳುಕಾಳಿಗೆ ಅಪಾಯವಿಲ್ಲದ ಜಾಗದಲ್ಲಿದ್ದರೆ ಆ ಒಣಮರವನ್ನು ಕಡಿಸಬೇಡಿ. ಮರಕುಟಿಗ ಬಿಟ್ಟ ಪೊಟರೆಗೆ ಮೈನಾ, ಗಿಳಿಗಳು ಬಂದು ಸಂಸಾರ ಹೂಡುತ್ತವೆ. ಮುಂದಿನ ವರ್ಷ ಮರದ ಬುಡದಲ್ಲಿ ಹೊಸ ಚಕ್ಕೆಗಳು ಬಿದ್ದಿರುವುದು ಕಂಡರೆ, ದೂರದಲ್ಲೇ ಕುಳಿತು ಒಂದು ಚಿತ್ರ ತೆಗೆಯಿರಿ, ನಮಗೂ ಬರೆದು ತಿಳಿಸಿ.