ಇಂದಿನ ಧಮ್ಮ ಚಿಂತನೆ: ಮೇಲುಗೊಬ್ಬರ ಸಾಲದು



ಸವಳು ಹೊಲಕ್ಕೆ ಎಷ್ಟು ಮೇಲುಗೊಬ್ಬರ ಹಾಕಿದರೂ ಬೆಳೆ ಏಳದು. ಮಣ್ಣಲ್ಲಿ ಉಪ್ಪು ಹೆಚ್ಚಿದರೆ ಬೇರು ನೀರು ಹೀರಲಾರದು. ಸಿಹಿನೀರು ಕಟ್ಟಿ, ಬಸಿಗಾಲುವೆಯಿಂದ ಉಪ್ಪನ್ನು ಹೊರಹರಿಸಬೇಕು. ಅಂಗುತ್ತರ ನಿಕಾಯದ ಖೇತ್ತ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳುವ ಹೊಲದ ಎಂಟು ದೋಷಗಳಲ್ಲಿ ಸವಳೂ ಇದೆ, ನೀರು ಹೊರಹೋಗಲು ದಾರಿಯಿಲ್ಲದಿರುವುದೂ ಇದೆ.

ಭಾರತದ ಮಣ್ಣಿಗೆ ಪ್ರಜಾಪ್ರಭುತ್ವ ಬರೀ ಮೇಲುಗೊಬ್ಬರವಾಗಿದೆ ಎಂದು ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಮೊನ್ನೆ ಮನೆಗೆ ಸಂಬಂಧ ಕೇಳಿಕೊಂಡು ಬಂದವರನ್ನು ನಾನೇ ‘ಎಡಗೈಯೋ, ಬಲಗೈಯೋ?’ ಎಂದು ಕೇಳಿಬಿಟ್ಟೆ. 22 ಪ್ರತಿಜ್ಞೆಗಳು ಬಾಯಲ್ಲಿದ್ದವು, ಸವಳು ಒಳಗೇ ಇತ್ತು.

ಇಂದಿನ ಅಭ್ಯಾಸ: ಆ ಪ್ರಶ್ನೆ ಮನಸ್ಸಿಗೆ ಬಂದರೆ ಮುಚ್ಚಿಡದೆ ನೋಡೋಣ, ಹರಿದುಹೋಗಲು ಬಿಡೋಣ. ಅದೇ ನಮ್ಮ ಬಸಿಗಾಲುವೆ.

ಭವತು ಸಬ್ಬ ಮಂಗಲಂ 🙏